ಮಗುವಿಗೆ ಅಲ್ಲಿ ಒಂದು ಕೆಲಸ ಇರಬೇಕು

ಇಲ್ಲಿ ಕೂತವರಲ್ಲಿ ಶಿಕ್ಷಕರೂ ಇದ್ದೀರಿ, ಹೈಸ್ಕೂಲ್ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದೀರಿ. ಶಾಲೆಯಿಂದ ಮಕ್ಕಳನ್ನು ಬೇರೆ ದೇಶಕ್ಕೆ ಕಳಿಸುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಲ್ಲಿಗೆ? ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಿ ಅಂತ ಕೇಳಿಕೊಳ್ಳಲು ಬಂದಿದ್ದೇನೆ. ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಅಲ್ಲಿ ಹೋದ ಮೇಲೆ ಮಗುವಿಗೆ ಏನು ಕೆಲಸ?

ಕೆಲಸ ಅಂದರೆ ದೊಡ್ಡದೇನೂ ಬೇಡ. ಒಂದು ಮನೆಯಲ್ಲಿ ಊಟ ಆದ ಮೇಲೆ ತಟ್ಟೆ ಎತ್ತಿಡುವ ಸರದಿ ಅವನದು. ಒಂದು ತಂಡದಲ್ಲಿ ಸ್ಟವ್ ಹೊತ್ತುಕೊಂಡು ಬರುವ ಜವಾಬ್ದಾರಿ ಅವಳದು. ಆ ಮಗು ಅದನ್ನು ಮಾಡದಿದ್ದರೆ ಯಾರಿಗೋ ತೊಂದರೆ ಆಗಬೇಕು. ಅಷ್ಟು ಇದ್ದರೆ ಸಾಕು.

ಹತ್ತು ದಿನದಲ್ಲಿ ಐದು ನಗರ ತೋರಿಸುವ ಕಾರ್ಯಕ್ರಮಗಳನ್ನು ನೀವು ನೋಡಿದ್ದೀರಿ. ಬಸ್ಸು ಗೊತ್ತು ಮಾಡಿರುತ್ತಾರೆ, ಗೈಡ್ ಮಾತಾಡುತ್ತಾರೆ, ಹೋಟೆಲ್ ರೂಮಿನಲ್ಲಿ ತಮ್ಮದೇ ಕ್ಲಾಸಿನ ಗೆಳೆಯರು ಇರುತ್ತಾರೆ. ಮಕ್ಕಳು ಖುಷಿಯಾಗಿ ಬರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಡೀ ಪ್ರಯಾಣದಲ್ಲಿ ಆ ದೇಶದ ಒಬ್ಬ ಮನುಷ್ಯನಿಗೂ ಈ ಮಗು ಬೇಕಾಗಿರಲಿಲ್ಲ. ಅದನ್ನು ಪ್ರವಾಸ ಅಂತಲೇ ಕರೆಯೋಣ. ಅಲ್ಲಿನ ಮನೆಯಲ್ಲಿದ್ದು ಅಲ್ಲಿನ ಶಾಲೆಗೆ ಹೋಗುವ ವಿನಿಮಯ ಬೇರೆ, ತಂಡವಾಗಿ ಕಾಡು ಬೆಟ್ಟಗಳಿಗೆ ಹೋಗುವ ಸಾಹಸಯಾತ್ರೆ ಬೇರೆ. ಇವೆರಡೂ ಹೇಗೆ ಹುಟ್ಟಿದವು ಅಂತ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಮೊದಲನೇ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನಲ್ಲಿ ಅಮೆರಿಕದ ಕೆಲವು ಯುವಕರು ಸ್ವಯಂಸೇವಕರಾಗಿ ಆಂಬುಲೆನ್ಸ್ ಓಡಿಸುತ್ತಿದ್ದರು. ಆ ಸಂಸ್ಥೆಯ ಹೆಸರು ಅಮೆರಿಕನ್ ಫೀಲ್ಡ್ ಸರ್ವಿಸ್. ಎರಡನೇ ಮಹಾಯುದ್ಧದಲ್ಲೂ ಅವರು ಅದೇ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಆ ಚಾಲಕರು ಸೇರಿ, ಗಾಯಗೊಂಡವರನ್ನು ಸಾಗಿಸಿದ್ದು ಸಾಕು, ಇನ್ನು ಮಕ್ಕಳನ್ನು ಕರೆತರೋಣ ಅಂತ ತೀರ್ಮಾನಿಸಿದರು. 1947ರಲ್ಲಿ ಬೇರೆ ಬೇರೆ ದೇಶದ ಹೈಸ್ಕೂಲ್ ಮಕ್ಕಳ ಮೊದಲ ತಂಡ ಅಮೆರಿಕದ ಮನೆಗಳಿಗೆ ಬಂತು. ಇವತ್ತು ಎಎಫ್‌ಎಸ್ ಅಂತ ಎಲ್ಲರೂ ಕರೆಯುವ ಸಂಸ್ಥೆ ಅದೇ. ಅದಕ್ಕೂ ಮೊದಲು, 1932ರಲ್ಲಿ, ಡೊನಾಲ್ಡ್ ವಾಟ್ ಎಂಬುವವರು ಯುವಕರು ಬೇರೆ ದೇಶದ ಜನರ ಜೊತೆ ಬದುಕಿಯೇ ಆ ದೇಶವನ್ನು ತಿಳಿಯಬೇಕು ಅಂತ ಒಂದು ಪ್ರಯೋಗ ಶುರು ಮಾಡಿದ್ದರು. ಮನೆವಾಸದ ಕಲ್ಪನೆ ಬಲಗೊಂಡಿದ್ದು ಅಲ್ಲಿಂದ. 1951ರಲ್ಲಿ ಜರ್ಮನಿಯ ಹದಿಹರೆಯದವರು ಅಮೆರಿಕದ ಮಿಷಿಗನ್ ರಾಜ್ಯದ ಮನೆಗಳಿಗೆ ಬಂದರು. ಯುದ್ಧ ಮುಗಿದು ಬರೀ ಆರು ವರ್ಷ! ಬಾಗಿಲು ತೆರೆದ ಆ ಮನೆಗಳಲ್ಲಿ ಯುದ್ಧಕ್ಕೆ ಹೋಗಿ ಬಂದವರೂ ಇದ್ದಿರಬೇಕು. ಇದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಫ್ರಾನ್ಸ್ ಮತ್ತು ಜರ್ಮನಿಯ ಕಥೆ ಇನ್ನೂ ಗಟ್ಟಿ. 1870ರಿಂದ 1945ರ ಒಳಗೆ ಆ ಎರಡು ದೇಶಗಳ ನಡುವೆ ಮೂರು ದೊಡ್ಡ ಯುದ್ಧಗಳಾದವು. 1963ರ ಜನವರಿ 22ರಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಎಲಿಸೀ ಎಂಬ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಎರಡೂ ಸರ್ಕಾರಗಳು ಸೇರಿ ಒಂದು ಯುವಜನ ಕಚೇರಿ ತೆರೆದವು. ಅಲ್ಲಿಂದ ಇಲ್ಲಿವರೆಗೆ ಲಕ್ಷಗಟ್ಟಲೆ ಯುವಕ ಯುವತಿಯರು ಗಡಿ ದಾಟಿ ಪರಸ್ಪರರ ಊರು, ಶಾಲೆ, ಮನೆಗಳಿಗೆ ಹೋಗಿ ಬಂದಿದ್ದಾರೆ. ಅವರದೊಂದು ಏರ್ಪಾಟು ನನಗೆ ತುಂಬಾ ಇಷ್ಟ. ಸುಮಾರು ಮೂರು ತಿಂಗಳು ಫ್ರೆಂಚ್ ಹುಡುಗಿ ಜರ್ಮನ್ ಹುಡುಗಿಯ ಮನೆಯಲ್ಲಿ ಇರುತ್ತಾಳೆ, ಅವಳ ಶಾಲೆಗೇ ಹೋಗುತ್ತಾಳೆ. ಆಮೇಲೆ ಅವಳು ಇವಳ ಮನೆಗೆ ಬರುತ್ತಾಳೆ. ಇವತ್ತು ನಾನು ನಿನಗೆ ಬಸ್ ಹತ್ತುವುದು ಹೇಳಿಕೊಟ್ಟೆ, ನಾಳೆ ನೀನು ನನಗೆ ಹೇಳಿಕೊಡಬೇಕು. ಇಬ್ಬರೂ ಒಂದು ಸಲ ಏನೂ ಗೊತ್ತಿಲ್ಲದವರು, ಒಂದು ಸಲ ಎಲ್ಲ ಗೊತ್ತಿರುವವರು.

ಇದು ಯಾಕೆ ಮುಖ್ಯ ಅಂತ ಸ್ವಲ್ಪ ನಿಂತು ಹೇಳುತ್ತೇನೆ. ಬೇರೆ ಜನರನ್ನು ನೋಡಿದರೆ ಸಾಕು, ಪೂರ್ವಗ್ರಹ ಕರಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದಕ್ಕೆ ಷರತ್ತು ಹಾಕಿದರು. ಇಬ್ಬರೂ ಸರಿಸಮಾನರಾಗಿರಬೇಕು. ಇಬ್ಬರ ಮುಂದೆಯೂ ಒಂದೇ ಗುರಿ ಇರಬೇಕು. ಅದಕ್ಕಾಗಿ ಒಟ್ಟಿಗೆ ದುಡಿಯಬೇಕು. ಮೇಲಿನವರ, ಅಂದರೆ ಶಾಲೆ, ಸರ್ಕಾರ, ಹಿರಿಯರ ಬೆಂಬಲ ಇರಬೇಕು. 2006ರಲ್ಲಿ ಇಬ್ಬರು ಸಂಶೋಧಕರು 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆ ಆಗುತ್ತದೆ, ಈ ಷರತ್ತುಗಳು ಇದ್ದಲ್ಲಿ ಇನ್ನೂ ಜಾಸ್ತಿ ಕಡಿಮೆ ಆಗುತ್ತದೆ ಅನ್ನುವುದು ಅವರಿಗೆ ಕಂಡಿದ್ದು. ಈಗ ಬಸ್ಸಿನ ಕಿಟಕಿಯಿಂದ ನೋಡುವ ಮಗುವನ್ನು ಈ ನಾಲ್ಕು ಷರತ್ತಿನ ಎದುರು ನಿಲ್ಲಿಸಿ ನೋಡಿ. ಮೊದಲ ಮೂರೂ ಅಲ್ಲಿ ಸಿಗುವುದಿಲ್ಲ.

ಇನ್ನು ಮನೆಯೊಳಗೆ ಹೋಗೋಣ. ಕಳಿಸುವವರಿಗೆ ಗೊತ್ತಿರಬೇಕಾದ್ದು ಹೆಚ್ಚಾಗಿ ಅಲ್ಲೇ ಇದೆ.

ಮೊದಲ ವಾರ ಎಲ್ಲವೂ ಚೆನ್ನಾಗಿರುತ್ತದೆ. ಎಲ್ಲರೂ ನಿಧಾನವಾಗಿ ಮಾತಾಡುತ್ತಾರೆ, ಎಲ್ಲವನ್ನೂ ತೋರಿಸುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ಮನೆಯವರು ತಮ್ಮ ಸಹಜ ವೇಗಕ್ಕೆ ಮರಳುತ್ತಾರೆ. ಊಟದ ಮೇಜಿನ ಸುತ್ತ ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ. ನಮ್ಮ ಹುಡುಗನಿಗೆ ಮೊದಲ ವಾಕ್ಯ ಅರ್ಥ ಆಗುವ ಹೊತ್ತಿಗೆ ಮಾತು ಎಲ್ಲೋ ಹೋಗಿರುತ್ತದೆ. ಎಲ್ಲರೂ ನಕ್ಕ ಮೇಲೆ ಅವನು ನಗುತ್ತಾನೆ. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತದೆ. ಇದು ಕಾಯಿಲೆಯಲ್ಲ. ದಿನವಿಡೀ ಪರಭಾಷೆಯಲ್ಲಿ ಕಿವಿ ತೆರೆದು ಕೂತವರಿಗೆ ಬರುವ ಸುಸ್ತು. ಆಗ ಅವನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ಹಿಡಿಯುತ್ತಾನೆ. ಹೊರಗೆ ಕೂತ ಮನೆಯವರಿಗೆ, ಈ ಹುಡುಗನಿಗೆ ನಾವು ಇಷ್ಟ ಇಲ್ಲ ಅನ್ನಿಸುತ್ತದೆ. ಅವನಿಗೆ, ಇವರಿಗೆ ನಾನು ಹೊರೆ ಅನ್ನಿಸುತ್ತದೆ. ಎರಡೂ ನಿಜವಲ್ಲ. ಆದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಆ ಬಾಗಿಲನ್ನು ತೆರೆಸುವುದು ಕೆಲಸ. ಭಾಷೆ ಬಾರದವನೂ ಬಟ್ಟೆ ಒಣಗಿಸಬಹುದು, ನಾಯಿಯನ್ನು ಸುತ್ತಾಡಿಸಬಹುದು, ಚಿಕ್ಕ ತಂಗಿಯ ಜೊತೆ ಚೆಂಡಾಡಬಹುದು. ಚಿಕ್ಕ ಮಕ್ಕಳು ಭಾಷೆ ಕಲಿಸುವುದರಲ್ಲಿ ಎಲ್ಲರಿಗಿಂತ ಮುಂದೆ. ಅವರು ಮುಲಾಜಿಲ್ಲದೆ ತಿದ್ದುತ್ತಾರೆ, ಹತ್ತು ಸಲ ಬೇಕಾದರೂ ಹೇಳುತ್ತಾರೆ. ಅದಕ್ಕೇ ಹೋಗುವ ಮೊದಲೇ ಮಕ್ಕಳ ಕೈಗೆ ಒಂದಿಷ್ಟು ಪ್ರಶ್ನೆ ಬರೆದುಕೊಡಿ. ಮೊದಲ ಸಂಜೆಯೇ ಮನೆಯವರ ಜೊತೆ ಕೂತು ಕೇಳಿ ಮುಗಿಸಲಿ. ಸ್ನಾನ ಯಾವ ಹೊತ್ತಿಗೆ, ಎಷ್ಟು ಹೊತ್ತು? ವಾಷಿಂಗ್ ಮೆಷಿನ್ ನಾನು ಮುಟ್ಟಬಹುದಾ? ಹಸಿವಾದರೆ ಕೇಳಿ ತಗೋಬೇಕಾ, ಕೇಳದೆ ತಗೋಬಹುದಾ? ನಿಮ್ಮನ್ನು ಏನಂತ ಕರೆಯಲಿ? ಮನೆಯಲ್ಲಿ ನನ್ನ ಕೆಲಸ ಯಾವುದು? ಇವು ಸಣ್ಣ ಪ್ರಶ್ನೆಗಳಂತೆ ಕಾಣುತ್ತವೆ. ಮನೆಗಳಲ್ಲಿ ಮನಸ್ತಾಪ ಹುಟ್ಟುವುದು ಇವುಗಳಿಂದಲೇ.

ಅಪ್ಪ ಅಮ್ಮಂದಿರಿಗೆ ಒಂದು ಕಷ್ಟದ ಮಾತು. ದಿನಾ ವಿಡಿಯೊ ಕಾಲ್ ಮಾಡಬೇಡಿ. ಮಗು ಅತ್ತರೆ ನಿಮ್ಮ ಕರುಳು ಕಿತ್ತು ಬರುತ್ತದೆ, ಗೊತ್ತು. ಆದರೆ ಸಂಜೆ ಒಂದು ಗಂಟೆ ಇಲ್ಲಿ ಕಳೆದರೆ ಅಲ್ಲಿನ ಸಂಜೆ ತಪ್ಪಿಹೋಗುತ್ತದೆ. ವಾರಕ್ಕೆ ಒಂದು ದಿನ ಅಂತ ಮಾತಾಡಿಕೊಳ್ಳಿ. ಅದೇ ಹೊತ್ತಿಗೆ, ಮಗುವಿನ ಸುರಕ್ಷತೆಗೆ ಧಕ್ಕೆ ಆಗುವಂಥದ್ದು ಏನೇ ಇದ್ದರೂ ನಡುರಾತ್ರಿಯಲ್ಲಾದರೂ ಫೋನ್ ಮಾಡಬೇಕು ಅಂತ ಸ್ಪಷ್ಟವಾಗಿ ಹೇಳಿ. ಮನೆ ನೆನಪಾಗಿ ಬರುವ ಅಳು ಬೇರೆ, ಹೆದರಿಕೆಯ ಅಳು ಬೇರೆ. ಆ ವ್ಯತ್ಯಾಸವನ್ನು ಗುರುತಿಸಲು ಅದೇ ಊರಿನಲ್ಲಿ ಒಬ್ಬರು ಇರಬೇಕು, ಅವರು ಆ ಮನೆಯವರಾಗಿರಬಾರದು. ಅಮೆರಿಕದ ನಿಯಮವನ್ನೇ ನೋಡಿ. ಅಲ್ಲಿ ಹೈಸ್ಕೂಲ್ ವಿನಿಮಯಕ್ಕೆ ಬರುವವರ ವಯಸ್ಸು 15ರಿಂದ 18 ವರ್ಷ 6 ತಿಂಗಳ ಒಳಗೆ ಇರಬೇಕು. ಮನೆಯಲ್ಲಿರುವ ವಯಸ್ಕರ ಅಪರಾಧ ಹಿನ್ನೆಲೆ ಪರಿಶೀಲನೆ ಆಗಬೇಕು. ಸಂಸ್ಥೆಯವರು ಪ್ರತಿ ತಿಂಗಳೂ ವಿದ್ಯಾರ್ಥಿಯನ್ನೂ ಮನೆಯವರನ್ನೂ ಮಾತಾಡಿಸಬೇಕು. ಯಾವ ದೇಶಕ್ಕೆ ಕಳಿಸಿದರೂ ಇಷ್ಟನ್ನಾದರೂ ಕೇಳಿ ಪಡೆಯಿರಿ. ಇನ್ನೊಂದು. ಮನೆ ಹೊಂದಲಿಲ್ಲ ಅಂದರೆ ಮನೆ ಬದಲಿಸುವುದು ಸೋಲಲ್ಲ. ಹಟ ಹಿಡಿದು ಅಲ್ಲೇ ಉಳಿಸಿದರೆ ಎರಡೂ ಕಡೆ ಕಹಿ ಉಳಿಯುತ್ತದೆ.

ಈಗ ಸಾಹಸಯಾತ್ರೆ. ಇದರ ಬೇರು ಬೇರೆ.

ಜಾರ್ಜ್ ಮರ್ರೆ ಲೆವಿಕ್ ಅಂತ ಒಬ್ಬ ನೌಕಾಪಡೆಯ ವೈದ್ಯ. ಬ್ರಿಟನ್ನಿನ ಅನ್ವೇಷಕ ರಾಬರ್ಟ್ ಸ್ಕಾಟ್ ಅವರ ಕೊನೆಯ ಅಂಟಾರ್ಕ್ಟಿಕ್ ಯಾತ್ರೆಯಲ್ಲಿ ಇದ್ದವರು. ಹಡಗು ಬರಲಾಗದೆ 1912ರ ಚಳಿಗಾಲವನ್ನು ಆರು ಜನ ಒಂದು ಹಿಮದ ಗುಹೆಯಲ್ಲಿ ಕಳೆದರು. ಲೆವಿಕ್ ಅವರಲ್ಲಿ ಒಬ್ಬರು. ಹಾಗೆ ಬದುಕಿ ಬಂದ ಮನುಷ್ಯ 1932ರಲ್ಲಿ ಶಾಲಾ ಹುಡುಗರ ತಂಡವನ್ನು ಫಿನ್ಲೆಂಡಿಗೆ ಕರೆದುಕೊಂಡು ಹೋಗಿ, ಶಾಲಾ ಮಕ್ಕಳ ಅನ್ವೇಷಣಾ ಸಂಘ ಕಟ್ಟಿದರು. ಇದೇ ಕಾಲದಲ್ಲಿ ಕುರ್ಟ್ ಹಾನ್ ಎಂಬ ಶಿಕ್ಷಕ ನಾಜಿಗಳನ್ನು ಎದುರು ಹಾಕಿಕೊಂಡು ಜರ್ಮನಿ ಬಿಟ್ಟು ಬ್ರಿಟನ್ನಿಗೆ ಬಂದರು. 1941ರಲ್ಲಿ ವೇಲ್ಸ್‌ನಲ್ಲಿ ಶುರುವಾದ ಔಟ್‌ವರ್ಡ್ ಬೌಂಡ್ ಎಂಬ ಸಾಹಸ ತರಬೇತಿ ಶಾಲೆ, ಯುವಜನರಿಗಾಗಿ 1956ರ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಯೋಜನೆ, 1962ರಲ್ಲಿ ಹಲವು ದೇಶದ ಮಕ್ಕಳಿಗಾಗಿ ತೆರೆದ ಅಟ್ಲಾಂಟಿಕ್ ಕಾಲೇಜು, ಮೂರರಲ್ಲೂ ಅವರ ಕೈ ಇದೆ.

ಆ ಪ್ರಶಸ್ತಿ ಯೋಜನೆಯ ನಿಯಮಗಳನ್ನು ನೋಡಿದರೆ ಅದರ ಹಿಂದಿನ ಯೋಚನೆ ಗೊತ್ತಾಗುತ್ತದೆ. ಕಂಚಿನ ಹಂತಕ್ಕೆ 2 ದಿನ, 1 ರಾತ್ರಿಯ ಯಾತ್ರೆ. ಬೆಳ್ಳಿಗೆ 3 ದಿನ, 2 ರಾತ್ರಿ. ಚಿನ್ನಕ್ಕೆ 4 ದಿನ, 3 ರಾತ್ರಿ. ತಂಡದಲ್ಲಿ ನಾಲ್ಕರಿಂದ ಏಳು ಜನ. ದಾರಿಯನ್ನು ಮಕ್ಕಳೇ ನಕ್ಷೆಯಲ್ಲಿ ಗುರುತಿಸಬೇಕು, ಟೆಂಟು, ಅಡುಗೆ ಎಲ್ಲ ಅವರದೇ. ಮೇಲ್ವಿಚಾರಕರು ಇರುತ್ತಾರೆ, ಆದರೆ ದೂರದಿಂದ. ನಾಲ್ಕರಿಂದ ಏಳು ಯಾಕೆ? ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗೆ ಉಳಿದು, ಇಬ್ಬರು ಸಹಾಯಕ್ಕೆ ಹೋಗಲು ನಾಲ್ಕು ಜನ ಬೇಕೇ ಬೇಕು. ಏಳಕ್ಕಿಂತ ಜಾಸ್ತಿ ಆದರೆ ಹಿಂದೆ ನಡೆಯುವವನಿಗೆ ನಕ್ಷೆಯ ಚಿಂತೆಯೇ ಇರುವುದಿಲ್ಲ.

ಒಂದು ಗಳಿಗೆಯನ್ನು ಹತ್ತಿರದಿಂದ ನೋಡೋಣ. ಕವಲು ದಾರಿ. ಸಣ್ಣಗೆ ಮಳೆ. ನಕ್ಷೆ ಹಿಡಿದ ಹುಡುಗಿ ಎಡಕ್ಕೆ ಅನ್ನುತ್ತಾಳೆ, ದಿಕ್ಸೂಚಿ ಹಿಡಿದವನು ಬಲಕ್ಕೆ ಅನ್ನುತ್ತಾನೆ. ಉಳಿದವರಿಗೆ ಚಳಿ, ಯಾವ ಕಡೆಯಾದರೂ ಸರಿ, ನಡೀರಿ ಅನ್ನುತ್ತಾರೆ. ತಂಡದ ಜೊತೆ ಇರುವ ದೊಡ್ಡವರಿಗೆ ಉತ್ತರ ಗೊತ್ತು. ಅವರು ಸುಮ್ನೆ ನಿಲ್ಲುತ್ತಾರೆ. ಐದು ನಿಮಿಷ ಹೋಗುತ್ತದೆ, ಹತ್ತು ನಿಮಿಷ ಹೋಗುತ್ತದೆ. ಕೊನೆಗೆ ಇಷ್ಟು ಹೊತ್ತು ಬಾಯಿ ಬಿಡದ ಒಬ್ಬಳು, ನಾವು ಹಳ್ಳ ದಾಟಿದ್ದು ಎಲ್ಲಿ, ಅಲ್ಲಿಂದ ಲೆಕ್ಕ ಹಾಕೋಣ ಅನ್ನುತ್ತಾಳೆ. ಎಲ್ಲರೂ ನಕ್ಷೆಯ ಮೇಲೆ ಬಗ್ಗುತ್ತಾರೆ. ಆ ಹತ್ತು ನಿಮಿಷಕ್ಕಾಗಿಯೇ ಅಷ್ಟು ದೂರ ಹೋಗುವುದು. ದೊಡ್ಡವರು ಎರಡನೇ ನಿಮಿಷಕ್ಕೇ ಬಾಯಿ ಹಾಕಿದ್ದರೆ ಎಲ್ಲರೂ ಬೇಗ ಟೆಂಟಿಗೆ ತಲುಪುತ್ತಿದ್ದರು, ಅಷ್ಟೇ. ಸುಮ್ಮನಿರುವುದು ಶಿಕ್ಷಕರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಅಂತ ನನಗೆ ಗೊತ್ತು.

ಸುಮ್ಮನಿರಬೇಕಾದರೆ ಮೊದಲು ಎಲ್ಲವನ್ನೂ ಯೋಚಿಸಿರಬೇಕು. ದಾರಿ ತಪ್ಪಿದರೂ ಅಪಾಯ ಇಲ್ಲದ ಜಾಗ ಅಂತ ಖಾತ್ರಿ ಇದ್ದರೆ ಮಾತ್ರ ತಪ್ಪಲು ಬಿಡಬಹುದು. ಇದನ್ನು ಮರೆತಾಗ ಏನಾಗಿದೆ ಅಂತಲೂ ಹೇಳಬೇಕು.

1971ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಶಾಲಾ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಐವರು ವಿದ್ಯಾರ್ಥಿಗಳು ಮತ್ತು ಅವರ ಜೊತೆಗಿದ್ದ, ಇನ್ನೂ ತರಬೇತಿ ಪಡೆಯುತ್ತಿದ್ದ 18 ವರ್ಷದ ನಾಯಕಿ ಸತ್ತರು. 1993ರ ಮಾರ್ಚಿನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ಹತ್ತಿದ ನಾಲ್ವರು ಹದಿಹರೆಯದವರು ಸತ್ತರು. ಗಾಳಿ ಅವರನ್ನು ಸಮುದ್ರದ ಒಳಕ್ಕೆ ತಳ್ಳಿತು, ಸಹಾಯ ತಡವಾಗಿ ಬಂತು. ಅಲ್ಲಿನ ಸುರಕ್ಷತೆ ಸಾಲದು ಅಂತ ಇಬ್ಬರು ತರಬೇತುದಾರರು ಹಿಂದಿನ ವರ್ಷವೇ ಪತ್ರ ಬರೆದಿದ್ದರು. ಆ ಪತ್ರದ ಮಾತು ಯಾರೂ ಕೇಳಲಿಲ್ಲ. ಮುಂದೆ 1995ರಲ್ಲಿ ಬ್ರಿಟನ್ ಇಂಥ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ತಂದಿತು. 2011ರ ಆಗಸ್ಟಿನಲ್ಲಿ ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್‌ನಲ್ಲಿ ಯುವಕರ ಶಿಬಿರಕ್ಕೆ ಹಿಮಕರಡಿ ನುಗ್ಗಿತು. ಸುತ್ತ ಕಟ್ಟಿದ್ದ ಎಚ್ಚರಿಕೆಯ ತಂತಿ ಕೆಲಸ ಮಾಡಲಿಲ್ಲ. 17 ವರ್ಷದ ಹುಡುಗನೊಬ್ಬ ಸತ್ತ, ನಾಲ್ವರಿಗೆ ಗಾಯವಾಯಿತು.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಆ ಮಕ್ಕಳ ಬಗ್ಗೆ ನಾವು ಮಾತಾಡಲೇಬೇಕು, ಯಾಕೆಂದರೆ ಈಗಿನ ನಿಯಮಗಳು ಹುಟ್ಟಿದ್ದು ಇಂಥ ದುರಂತಗಳಿಂದಲೇ. ಹೊರದೇಶದ ಯಾತ್ರೆಗಳಿಗೆ ಬ್ರಿಟನ್ 2007ರಲ್ಲಿ ಒಂದು ಮಾನದಂಡ ತಂದಿತು. ಅದರ ಸಂಖ್ಯೆ 8848. ಎವರೆಸ್ಟಿನ ಎತ್ತರ ಅಷ್ಟು ಮೀಟರ್ ಅಂತ ಆಗ ಲೆಕ್ಕವಿತ್ತು. ಆ ಮಾನದಂಡದ ಮುಖ್ಯ ಮಾತು ತುಂಬಾ ಸರಳ: ಇಡೀ ಯಾತ್ರೆಗೆ ಯಾರು ಹೊಣೆ ಅನ್ನುವುದು ಮೊದಲೇ ಸ್ಪಷ್ಟವಾಗಿರಬೇಕು. ಶಾಲೆ, ಇಲ್ಲಿನ ಏಜೆನ್ಸಿ, ಅಲ್ಲಿನ ಸ್ಥಳೀಯ ಕಂಪನಿ, ಹೀಗೆ ಮೂರು ಕೈ ಸೇರಿದಾಗ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುವುದೇ ದೊಡ್ಡ ಅಪಾಯ.

ಆದ್ದರಿಂದ ಪೋಷಕರ ಸಭೆಯಲ್ಲಿ ಏಜೆನ್ಸಿಯವರು ಫೋಟೊಗಳನ್ನು ತೋರಿಸುವಾಗ ನೀವು ದಿನವಹಿಯ ಯೋಜನೆ ಕೊಡಿ ಅಂತ ಕೇಳಿ. ಎತ್ತರದ ಪರ್ವತಕ್ಕೆ ಹೋಗುವುದಾದರೆ ಪ್ರತಿ ರಾತ್ರಿ ಎಷ್ಟು ಮೀಟರಿನಲ್ಲಿ ಮಲಗುತ್ತಾರೆ ಅಂತ ಬೆರಳಿಟ್ಟು ನೋಡಿ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲುವ ದಿನ ಇರಬೇಕು. ರಜೆ ಕಡಿಮೆ ಅಂತ ಆ ದಿನವನ್ನು ಹೊಡೆದುಹಾಕಿದ್ದರೆ ಒಪ್ಪಬೇಡಿ. ಎತ್ತರ ಮೈಗೆ ಒಗ್ಗದೆ ತಲೆನೋವು, ವಾಂತಿ ಶುರುವಾದ ಮಗುವನ್ನು ಇಳಿಸಲು ಬೇರೆ ನಾಯಕರು ಇದ್ದಾರಾ, ಅಥವಾ ಇಡೀ ತಂಡವೇ ಇಳಿಯಬೇಕಾ? ಇಡೀ ತಂಡ ಇಳಿಯಬೇಕು ಅಂತಾದರೆ ಆ ಮಗು ಎಲ್ಲರ ಯಾತ್ರೆ ಹಾಳಾಗುತ್ತದೆ ಅಂತ ತಲೆನೋವನ್ನು ಮುಚ್ಚಿಡುತ್ತದೆ. ಹದಿನೈದು ವರ್ಷದವರ ಮನಸ್ಸು ಹಾಗೇ ಕೆಲಸ ಮಾಡುತ್ತದೆ. ಅದನ್ನು ಯೋಜನೆಯೇ ತಡೆಯಬೇಕು. ವಿಮೆ, ಒಪ್ಪಿಗೆ ಪತ್ರ, ಪಾಸ್‌ಪೋರ್ಟ್ ನಕಲು, ಇವನ್ನೆಲ್ಲ ಯಾರಾದರೂ ನೆನಪಿಸುತ್ತಾರೆ, ನಾನು ಬಿಡುತ್ತೇನೆ.

ಸೇವಾ ಯಾತ್ರೆಗಳ ಬಗ್ಗೆ ನನಗೆ ಖಡಕ್ ಅಭಿಪ್ರಾಯ ಇದೆ. ಕೆಲಸ ಇರಬೇಕು ಅಂದೆ. ಆದರೆ ಆ ಕೆಲಸ ಅಲ್ಲಿನವರಿಗೆ ನಿಜವಾಗಿ ಬೇಕಿರಬೇಕು. ಒಂದು ತಂಡ ಬಳಿದ ಗೋಡೆಗೆ ಮುಂದಿನ ತಂಡ ಮತ್ತೆ ಬಣ್ಣ ಬಳಿಯುವುದಾದರೆ ಅದು ಕೆಲಸವೂ ಅಲ್ಲ, ಸಮಾನತೆಯೂ ಅಲ್ಲ. ಇನ್ನು ಅನಾಥಾಲಯಕ್ಕೆ ಒಂದು ವಾರ ಹೋಗಿ ಮಕ್ಕಳನ್ನು ಆಡಿಸಿ ಬರುವ ಕಾರ್ಯಕ್ರಮಗಳನ್ನು ದಯವಿಟ್ಟು ಬಿಡಿ. ಅಲ್ಲಿನ ಮಗು ಪ್ರತಿ ವಾರ ಒಬ್ಬರನ್ನು ಹಚ್ಚಿಕೊಳ್ಳುತ್ತದೆ, ಪ್ರತಿ ವಾರ ಒಬ್ಬರನ್ನು ಕಳೆದುಕೊಳ್ಳುತ್ತದೆ. ದುಡ್ಡು ಕೊಟ್ಟು ಬರುವವರು ಜಾಸ್ತಿ ಆದಷ್ಟೂ, ಹೆತ್ತವರು ಬದುಕಿರುವ ಮಕ್ಕಳನ್ನೂ ಅಂಥ ಜಾಗಕ್ಕೆ ತಂದು ತುಂಬುವವರು ಹುಟ್ಟಿಕೊಳ್ಳುತ್ತಾರೆ. ನಮ್ಮ ಮಕ್ಕಳ ಒಳ್ಳೆಯತನ ಇದಕ್ಕೆ ಬಳಕೆ ಆಗಬಾರದು.

ಯಾರು ಹೋಗುತ್ತಾರೆ ಅನ್ನುವುದೂ ಮುಖ್ಯ. ದುಡ್ಡಿರುವ ಮನೆಯ ಮಕ್ಕಳಷ್ಟೇ ಹೋದರೆ ಶಾಲೆಯ ಒಳಗೇ ಒಂದು ಗೋಡೆ ಏಳುತ್ತದೆ. ಜರ್ಮನಿ ಮತ್ತು ಅಮೆರಿಕದ ಸಂಸತ್ತುಗಳು 1983ರಿಂದ ಸೇರಿ ನಡೆಸುತ್ತಿರುವ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಪೂರ್ತಿ ವಿದ್ಯಾರ್ಥಿವೇತನ ಸಿಗುತ್ತದೆ. ಯುರೋಪಿಯನ್ ಒಕ್ಕೂಟ ಹಣ ಕೊಟ್ಟು ನಡೆಸುವ ಎರಾಸ್ಮಸ್ ಪ್ಲಸ್ ವಿನಿಮಯ ಕಾರ್ಯಕ್ರಮ ಈಗ ಶಾಲಾ ಮಕ್ಕಳಿಗೂ ಇದೆ. ಎಲ್ಲ ಕಡೆ ಇಂಥದ್ದು ಇಲ್ಲ. ಇಲ್ಲದ ಕಡೆ ಶಾಲೆ ಮಾಡಬಹುದಾದ್ದು, ಕಳಿಸುವುದಕ್ಕಿಂತ ಬರಮಾಡಿಕೊಳ್ಳುವುದಕ್ಕೆ ಹೆಚ್ಚು ಗಮನ ಕೊಡುವುದು. ಬೇರೆ ದೇಶದ ಒಬ್ಬ ವಿದ್ಯಾರ್ಥಿ ಒಂದು ವರ್ಷ ತರಗತಿಯಲ್ಲಿ ಕೂತರೆ, ವಿಮಾನ ಹತ್ತದ ಮೂವತ್ತು ನಲವತ್ತು ಮಕ್ಕಳಿಗೂ ವಿನಿಮಯದ ಪಾಲು ಸಿಗುತ್ತದೆ.

ಕೊನೆಯದಾಗಿ, ವಾಪಸ್ ಬಂದವರ ವಿಷಯ. ಹೋಗುವವರಿಗೆ ನಾವು ತಿಂಗಳುಗಟ್ಟಲೆ ತಯಾರಿ ಕೊಡುತ್ತೇವೆ. ಬಂದವರಿಗೆ ಏನೂ ಇಲ್ಲ. ವಿಮಾನ ನಿಲ್ದಾಣದಲ್ಲಿ ಹೂವು, ಅಸೆಂಬ್ಲಿಯಲ್ಲಿ ಐದು ನಿಮಿಷದ ಭಾಷಣ, ಮುಗಿಯಿತು. ಗೆಳೆಯರು ಎರಡು ದಿನ ಕೇಳುತ್ತಾರೆ, ಮೂರನೇ ದಿನ ಮಾತು ಬದಲಿಸುತ್ತಾರೆ. ಮಗುವಿಗೆ ತನ್ನ ಮನೆಯೇ ಬೇರೆ ಥರ ಕಾಣುತ್ತದೆ. ಅಲ್ಲಿ ಹೀಗಿತ್ತು ಅಂತ ಬಾಯಿ ಬಿಟ್ಟರೆ ಜಂಬ ಅಂತಾರೆ, ಸುಮ್ಮನಿದ್ದರೆ ಸಪ್ಪಗಾಗಿದ್ದಾನೆ ಅಂತಾರೆ. ಕೆಲವರಿಗೆ ಇದು ಹೋದಾಗಿನ ಕಷ್ಟಕ್ಕಿಂತ ಜಾಸ್ತಿ.

ಆ ಮಗುವಿಗೆ ಆಗಲೂ ಒಂದು ಕೆಲಸ ಕೊಡಿ. ಮುಂದಿನ ವರ್ಷ ಹೋಗುವವರ ತಯಾರಿ ತರಗತಿಯನ್ನು ಅವರೇ ನಡೆಸಲಿ. ಮೊದಲ ಸಂಜೆಯ ಪ್ರಶ್ನೆಗಳ ಪಟ್ಟಿಯನ್ನು ಅವರೇ ತಿದ್ದಿ ಬರೆಯಲಿ. ಯಾವ ಪ್ರಶ್ನೆ ಬಿಟ್ಟುಹೋಗಿತ್ತು ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಶಾಲೆಗೆ ಹೊರದೇಶದ ಒಬ್ಬ ಹುಡುಗ ಬಂದರೆ ಅವನ ಪಕ್ಕದ ಬೆಂಚು ಇವರದಾಗಲಿ. ಆ ಹುಡುಗ ಎಲ್ಲರೂ ನಕ್ಕ ಮೇಲೆ ನಗುವುದನ್ನು ತರಗತಿಯಲ್ಲಿ ಮೊದಲು ಗಮನಿಸುವವರು ಇವರೇ ಆಗಿರುತ್ತಾರೆ.